ರೀಲ್ಸ್ ತರೋ ಫೈಬರ್‌ಗೆ ನೆಲದ ನಡುಕವೂ ಗೊತ್ತಾಗುತ್ತೆ

ಮಳೆ ನಿಂತ ಮೇಲೆ ಶಿವಾಜಿನಗರದ ಗ್ಯಾರೇಜ್ ಸಾಲಿನಲ್ಲಿ ಯಾವತ್ತಾದ್ರೂ ನಡೆದಿದ್ದೀರಾ? ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಕಪ್ಪು ಗ್ರೀಸು, ರಸ್ತೆ ಗುಂಡಿಯಲ್ಲಿ ನಿಂತ ನೀರು. ಆ ನೀರಿನ ಮೇಲೆ ಒಂದು ಹನಿ ಪೆಟ್ರೋಲೋ ಆಯಿಲ್ಲೋ ಬಿದ್ದಿದ್ರೆ ಸಾಕು, ಕಾಮನಬಿಲ್ಲಿನ ಬಣ್ಣ ಸುರುಳಿ ಸುರುಳಿಯಾಗಿ ಹರಡಿರುತ್ತೆ. ಆ ಬಣ್ಣ ಪೆಟ್ರೋಲಿನದ್ದಲ್ಲ, ನೀರಿನದ್ದೂ ಅಲ್ಲ. ಹಾಗಾದ್ರೆ ಎಲ್ಲಿಂದ ಬಂತು?

ಎಣ್ಣೆಯ ಪದರ ಬಹಳ ತೆಳು. ಬೆಳಕು ಅದರ ಮೇಲ್ಭಾಗಕ್ಕೆ ತಗುಲಿ ಸ್ವಲ್ಪ ವಾಪಸ್ ಬರುತ್ತೆ. ಉಳಿದದ್ದು ಒಳಗೆ ಹೋಗಿ, ಕೆಳಗಿನ ನೀರಿಗೆ ತಗುಲಿ, ಅಲ್ಲಿಂದ ಸ್ವಲ್ಪ ವಾಪಸ್ ಬರುತ್ತೆ. ಈಗ ನಿಮ್ಮ ಕಣ್ಣಿಗೆ ಬರ್ತಿರೋದು ಎರಡು ಅಲೆ. ಒಂದು ಸ್ವಲ್ಪ ಮುಂಚೆ ಹೊರಟದ್ದು, ಇನ್ನೊಂದು ಕೊಂಚ ಸುತ್ತಿ ಬಂದದ್ದು. ಎರಡರ ಉಬ್ಬುಗಳು ಒಂದರ ಮೇಲೊಂದು ಕೂತ್ರೆ ಬೆಳಕು ಜೋರಾಗುತ್ತೆ. ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಕೂತ್ರೆ ಎರಡೂ ಸೇರಿ ಕತ್ತಲೆ. ಪದರ ಎಷ್ಟು ದಪ್ಪ ಇದೆ ಅನ್ನೋದರ ಮೇಲೆ ಯಾವ ಬಣ್ಣ ಉಳಿಯಬೇಕು, ಯಾವುದು ಅಳಿಯಬೇಕು ಅಂತ ತೀರ್ಮಾನ ಆಗುತ್ತೆ. ಇದಕ್ಕೆ ಕನ್ನಡ ಪಠ್ಯಪುಸ್ತಕದಲ್ಲಿ ವ್ಯತಿಕರಣ ಅಂತಾರೆ. ಪಿಯುಸಿಯಲ್ಲಿ ಓದಿದವರಿಗೆ ಯಂಗ್‌ನ ಡಬಲ್ ಸ್ಲಿಟ್ ನೆನಪಿರಬಹುದು. ಐದು ಮಾರ್ಕ್ಸಿಗೆ ಡಿರೈವೇಶನ್ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಸಂಜೆನೇ ಮರೆತ ವಿಷಯ.

ಆದ್ರೆ ಅದನ್ನ ತಿರುಗಿಸಿ ನೋಡಿ. ದಪ್ಪ ಬಣ್ಣವನ್ನ ತೀರ್ಮಾನಿಸೋದಾದ್ರೆ, ಬಣ್ಣ ನೋಡಿ ದಪ್ಪ ಎಷ್ಟು ಅಂತ ಹೇಳಬಹುದಲ್ಲ? ಅಂದ್ರೆ ಆ ಕೊಳಕು ನೀರಿನ ಮೇಲಿರೋದು ಒಂದು ಅಳತೆಗೋಲು. ಕಣ್ಣಿಗೆ ಕಾಣುವ ಬೆಳಕಿನ ಒಂದು ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ನಿಮ್ಮ ತಲೆಕೂದಲಿನ ದಪ್ಪದಲ್ಲಿ ಇಂಥ ನೂರಕ್ಕೂ ಹೆಚ್ಚು ಅಲೆಗಳು ಸಾಲಾಗಿ ಕೂರುತ್ತವೆ. ಯಾವ ಟೇಪಿಗೂ, ಯಾವ ವರ್ನಿಯರ್‌ಗೂ ಸಿಗದಷ್ಟು ಸಣ್ಣ ಅಳತೆ ಇದರಲ್ಲಿ ಸಿಗುತ್ತೆ.

ಇವತ್ತಿನ ಮಾತು ಈ ಅಳತೆಗೋಲಿನ ಬಗ್ಗೆ. ಅದನ್ನ ಗಾಜಿನ ಎಳೆಯೊಳಗೆ, ಅಂದ್ರೆ ಆಪ್ಟಿಕಲ್ ಫೈಬರ್ ಒಳಗೆ ಇಟ್ಟರೆ ಏನೇನು ಅಳೆಯಬಹುದು, ಬೆಂಗಳೂರಿನಲ್ಲಿ ಯಾರು ಅಳೆದಿದ್ದಾರೆ, ಮತ್ತೆ ನಮ್ಮ ಕಂಟೋನ್ಮೆಂಟ್ ಕಡೆಯ ಹಳೇ ಮನೆಗಳ ಗೋಡೆಗೆ ಇದರಿಂದ ಏನು ಉಪಯೋಗ ಅಂತ.

ಮೊದಲು ಒಬ್ಬರ ಹೆಸರು ಹೇಳಲೇಬೇಕು. ಎಸ್. ಪಂಚರತ್ನಂ. ಸಿ.ವಿ. ರಾಮನ್ ಅವರ ಅಕ್ಕತಂಗಿಯರ ಮಕ್ಕಳಲ್ಲಿ ಇಬ್ಬರು ಮೂವರು ದೊಡ್ಡ ವಿಜ್ಞಾನಿಗಳಾದರು, ಅವರಲ್ಲಿ ಇವರೊಬ್ಬರು. ಹುಟ್ಟಿದ್ದು 1934ರಲ್ಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು, 1956ರಲ್ಲಿ, ಅಂದ್ರೆ ಇಪ್ಪತ್ತೆರಡರ ವಯಸ್ಸಿನಲ್ಲಿ, ಬೆಳಕಿನ ವ್ಯತಿಕರಣದ ಬಗ್ಗೆ ಒಂದು ಪ್ರಬಂಧ ಬರೆದರು. ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತೆ ಅನ್ನೋದನ್ನ ಹಂತ ಹಂತವಾಗಿ ಬದಲಾಯಿಸುತ್ತಾ, ಕೊನೆಗೆ ಮೊದಲಿದ್ದ ಹಾಗೇ ತಂದು ನಿಲ್ಲಿಸಿದ್ರೂ, ಅಲೆ ಮೊದಲಿನ ತಾಳಕ್ಕೆ ಬರೋದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗಿರುತ್ತೆ. ಎಷ್ಟು ಹಿಂದೆ ಮುಂದೆ ಅನ್ನೋದು ನೀವು ಹಿಡಿದ ದಾರಿಯ ಆಕಾರದ ಮೇಲೆ ನಿಂತಿದೆ. ಇದನ್ನ ಇಲ್ಲೇ ಪ್ರಕಟಿಸಿದರು, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಜಗತ್ತು ಗಮನಿಸಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕಲ್ ಬೆರ್ರಿ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಇದೇ ಬಗೆಯ ವಿಷಯ ಕಂಡುಹಿಡಿದು ಹೆಸರಾದರು. ಆಮೇಲೆ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ನಮ್ಮ ಪಂಚರತ್ನಂ ಇದನ್ನ ಮೂವತ್ತು ವರ್ಷ ಹಿಂದೆಯೇ ಬರೆದಿದ್ದಾರೆ ನೋಡಿ ಅಂತ ತೋರಿಸಿದರು. ಬೆರ್ರಿ ಅದನ್ನ ಒಪ್ಪಿ, 1987ರಲ್ಲಿ ತಾವೇ ಅದರ ಬಗ್ಗೆ ಪ್ರಬಂಧ ಬರೆದರು. ಈಗ ಪುಸ್ತಕಗಳಲ್ಲಿ ಪಂಚರತ್ನಂ ಫೇಸ್ ಅಂತಲೇ ಇದೆ. ಅವರು ಇದನ್ನ ನೋಡಲಿಲ್ಲ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಾಗ ಮೂವತ್ತೈದು ವಯಸ್ಸು.

ಫೈಬರ್‌ಗೂ ಇದಕ್ಕೂ ಏನು ಸಂಬಂಧ ಅಂದ್ರೆ, ವ್ಯತಿಕರಣ ಅನ್ನೋದು ಬೇರೆಲ್ಲೋ ತಯಾರಾಗಿ ನಮ್ಮೂರಿಗೆ ಬಂದ ಸರಕು ಅಂತ ಅಂದ್ಕೋಬೇಡಿ. ಇಲ್ಲಿ ಅದರ ಬೇರು ಆಳಕ್ಕಿದೆ.

ಸರಿ, ಫೈಬರ್‌ಗೆ ಬರೋಣ. ನಿಮ್ಮ ಮನೆಗೆ ಬಂದಿರೋ ಇಂಟರ್‌ನೆಟ್ ಕೇಬಲ್ ಒಳಗೆ ಗಾಜಿನ ಎಳೆ ಇದೆ. ಹೊರಗಿನ ಅಳತೆ 125 ಮೈಕ್ರಾನ್. ಅದರೊಳಗೆ, ಬೆಳಕು ನಿಜವಾಗಿ ಓಡೋ ನಡುಭಾಗ ಸುಮಾರು 9 ಮೈಕ್ರಾನ್ ಅಷ್ಟೇ. ಆ ಗಾಜು ಎಷ್ಟು ಶುದ್ಧ ಅಂದ್ರೆ, 15 ಕಿಲೋಮೀಟರ್ ಓಡಿದ ಮೇಲೂ ಅರ್ಧ ಬೆಳಕು ಉಳಿದಿರುತ್ತೆ. ಹಲಸೂರು ಕೆರೆಯ ಹತ್ತಿರ ಬಿಟ್ಟ ಬೆಳಕು ಕೆ.ಆರ್. ಪುರ ದಾಟಿ ಹೋದರೂ ಅರ್ಧಕ್ಕಿಂತ ಹೆಚ್ಚು ಹಾಗೇ ಇರುತ್ತೆ. ಆ ಬೆಳಕು ಕಣ್ಣಿಗೆ ಕಾಣೋದಲ್ಲ, ಇನ್‌ಫ್ರಾರೆಡ್, ಅಲೆಯ ಉದ್ದ 1550 ನ್ಯಾನೋಮೀಟರ್ ಆಸುಪಾಸು.

ಈ ಎಳೆಯನ್ನ ಸೆನ್ಸರ್ ಮಾಡೋಕೆ ಎರಡು ಮುಖ್ಯ ದಾರಿ.

ಮೊದಲನೆಯದರಲ್ಲಿ ಎಳೆಯ ಒಂದು ಸೆಂಟಿಮೀಟರ್ ಜಾಗದಲ್ಲಿ ಅಲ್ಟ್ರಾವಯಲೆಟ್ ಬೆಳಕಿನಿಂದ ಒಳಗೇ ಗೆರೆ ಬರೀತಾರೆ. ಎರಡು ಗೆರೆಗಳ ನಡುವೆ ಅರ್ಧ ಮೈಕ್ರಾನ್ ಚಿಲ್ಲರೆ ದೂರ. ಒಂದು ಸೆಂಟಿಮೀಟರಿಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ಗೆರೆ. ಒಂದೊಂದು ಗೆರೆಯೂ ಚೂರೇ ಚೂರು ಬೆಳಕನ್ನ ವಾಪಸ್ ಕಳಿಸುತ್ತೆ. ಯಾವುದೋ ಒಂದೇ ಒಂದು ಉದ್ದದ ಅಲೆಗೆ ಮಾತ್ರ ಈ ಹದಿನೆಂಟು ಸಾವಿರ ಚೂರೂ ತಾಳ ಕೂಡಿ ಬರುತ್ತೆ. ಆ ಬಣ್ಣ ಮಾತ್ರ ವಾಪಸ್ ಬರುತ್ತೆ, ಉಳಿದದ್ದು ಮುಂದೆ ಹೋಗುತ್ತೆ. ಅದೇ ವ್ಯತಿಕರಣ, ಪೆಟ್ರೋಲ್ ಪದರದ್ದೇ ಆಟ. ಎರಡರ ಬದಲು ಸಾವಿರಾರು ಪ್ರತಿಫಲನ, ಅಷ್ಟೇ ವ್ಯತ್ಯಾಸ. ಇದಕ್ಕೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಅಂತ ಹೆಸರು. ಸಂಶೋಧಕರು ಎಫ್‌ಬಿಜಿ ಅಂತಾರೆ. ಇಂಥ ಗ್ರೇಟಿಂಗ್ ಫೈಬರ್‌ನಲ್ಲಿ ಮೂಡುತ್ತೆ ಅಂತ 1978ರಲ್ಲಿ ಕೆನಡಾದ ಕೆನ್ ಹಿಲ್ ಮತ್ತು ಅವರ ಜೊತೆಗಾರರು ಮೊದಲು ಕಂಡರು.

ಈಗ ಒಂದು ಎಲಾಸ್ಟಿಕ್ ಪಟ್ಟಿ ತಗೊಳ್ಳಿ. ಅದರ ಮೇಲೆ ಪೆನ್ನಿನಿಂದ ಗೆರೆ ಎಳೆದು ಜಗ್ಗಿ. ಗೆರೆಗಳ ನಡುವಿನ ದೂರ ಹೆಚ್ಚಾಗುತ್ತೆ ಅಲ್ವಾ? ಗಾಜಿನ ಎಳೆಯನ್ನ ಜಗ್ಗಿದರೂ ಹಾಗೇ. ಗೆರೆ ದೂರವಾದಂತೆ ವಾಪಸ್ ಬರೋ ಬಣ್ಣ ಬದಲಾಗುತ್ತೆ. ಒಂದು ಮೀಟರ್ ಉದ್ದದ ವಸ್ತು ಒಂದು ಮೈಕ್ರಾನ್ ಹಿಗ್ಗಿದರೆ, ವಾಪಸ್ ಬರೋ ಅಲೆಯ ಉದ್ದ ಸುಮಾರು 1.2 ಪಿಕೋಮೀಟರ್ ಬದಲಾಗುತ್ತೆ. ಪಿಕೋಮೀಟರ್ ಅಂದ್ರೆ ನ್ಯಾನೋಮೀಟರಿನ ಸಾವಿರದಲ್ಲೊಂದು ಭಾಗ. ಅದನ್ನೂ ಓದೋ ಯಂತ್ರಗಳಿವೆ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಎಸ್. ಅಶೋಕನ್ ಅವರ ತಂಡ ಇಂಥ ಎಳೆಯನ್ನ ಮಣಿಕಟ್ಟಿಗೆ ಹೊಂದಿಸಿ ನಾಡಿ ಮಿಡಿತವನ್ನ ದಾಖಲಿಸಿದೆ. ರಕ್ತ ಹರಿದಾಗ ಚರ್ಮ ಉಬ್ಬುತ್ತಲ್ಲ, ಅಷ್ಟು ಸಣ್ಣ ಉಬ್ಬು ಸಾಕು. ನಾಡಿ ಹಿಡಿದು ನೋಡೋ ವೈದ್ಯರ ಬೆರಳಿನ ಕೆಲಸವನ್ನ ಗಾಜಿನ ಎಳೆ ಮಾಡ್ತು.

ಅಲ್ಲಿಂದ ನಮ್ಮ ಪೂರ್ವಕ್ಕೆ ಬನ್ನಿ. ಇಂದಿರಾನಗರದ ದಕ್ಷಿಣ ತುದಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆ, ಕೋಡಿಹಳ್ಳಿ. ಅಲ್ಲಿ ಎನ್‌ಎಎಲ್ ಇದೆ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಇದು ಬೆಂಗಳೂರಿಗೆ ಬಂದ ಹೊಸದರಲ್ಲಿ ಕಂಟೋನ್ಮೆಂಟ್ ಪಕ್ಕದ ಜಯಮಹಲ್ ರಸ್ತೆಯ ಅರಮನೆಯೊಂದರ ಕುದುರೆ ಲಾಯದಲ್ಲಿ ಕೆಲಸ ಶುರು ಮಾಡಿತ್ತು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ಅದರ ಮೊದಲ ನಿರ್ದೇಶಕ ಪಿ. ನೀಲಕಂಠನ್ ಕೂಡ ರಾಮನ್ ಜೊತೆ ಸಂಶೋಧನೆ ಮಾಡಿದವರೇ. ಇಂದಿರಾನಗರದ ಇನ್ನೊಂದು ಪಕ್ಕ, ತಿಪ್ಪಸಂದ್ರ ದಾಟಿದರೆ ಸಿ.ವಿ. ರಾಮನ್ ನಗರ. ಅಲ್ಲಿ ಡಿಆರ್‌ಡಿಒ ಕ್ಯಾಂಪಸ್ಸು, ಅದರಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನ ರೂಪಿಸೋ ಎಡಿಇ. ಈ ಎರಡೂ ಸಂಸ್ಥೆ ಸೇರಿ, ಎಡಿಇಯ ನಿಶಾಂತ್ ಅನ್ನೋ ಪೈಲಟ್‌ರಹಿತ ವಿಮಾನದ ಬಾಲಕ್ಕೆ ಆಧಾರವಾದ ಬೂಮ್‌ಗಳಲ್ಲಿ ಎಫ್‌ಬಿಜಿ ಎಳೆಗಳನ್ನ ಅಳವಡಿಸಿ, ಹಾರಿಸಿ, ಹಾರಾಟದಲ್ಲಿ ಬೂಮ್ ಎಷ್ಟು ಬಾಗುತ್ತೆ ಅಂತ ಅಳೆದವು.

ಇದ್ಯಾಕೆ ಬೇಕಿತ್ತು? ಈಗಿನ ವಿಮಾನದ ಮೈ ಕಾರ್ಬನ್ ಎಳೆ ಮತ್ತು ರಾಳ ಸೇರಿಸಿ ಪದರ ಪದರವಾಗಿ ಮಾಡಿದ್ದು. ಅಲ್ಯುಮಿನಿಯಂ ಆದ್ರೆ ಪೆಟ್ಟು ಬಿದ್ದ ಕಡೆ ತಗ್ಗು ಕಾಣುತ್ತೆ. ಇದರಲ್ಲಿ ಹೊರಗಡೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರಬಹುದು. ಒಳಗೇ ಕೂತು ಹೇಳೋರು ಬೇಕು. ತಾಮ್ರದ ತಂತಿಯ ಸೆನ್ಸರ್ ಒಂದೊಂದಕ್ಕೂ ಬೇರೆ ಬೇರೆ ವೈರ್ ಎಳೀಬೇಕು, ರೇಡಾರ್ ರೇಡಿಯೋ ಗದ್ದಲ ಅದಕ್ಕೆ ತಾಗುತ್ತೆ. ಗಾಜಿಗೆ ವಿದ್ಯುತ್ ಗದ್ದಲ ತಾಗೋದಿಲ್ಲ. ಒಂದೇ ಎಳೆಯಲ್ಲಿ ಹತ್ತಾರು ಗ್ರೇಟಿಂಗ್, ಒಂದೊಂದಕ್ಕೆ ಒಂದೊಂದು ಬಣ್ಣ. ಬಣ್ಣ ನೋಡಿದ್ರೆ ಯಾವ ಜಾಗದಿಂದ ಸುದ್ದಿ ಬಂತು ಅಂತ ಗೊತ್ತು.

ಇದರಲ್ಲಿ ಒಂದು ತೊಡಕಿದೆ. ಎಳೆ ಜಗ್ಗಿದಾಗ ಮಾತ್ರ ಅಲ್ಲ, ಬಿಸಿಯಾದಾಗಲೂ ಹಿಗ್ಗುತ್ತೆ, ಗಾಜಿನ ಗುಣವೂ ಬದಲಾಗುತ್ತೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ಸುಮಾರು 10 ಪಿಕೋಮೀಟರ್ ಬದಲಾವಣೆ. ಅಂದ್ರೆ ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಬಿಸಿಲೇರಿದ್ದು, ಗೋಡೆ ಜಗ್ಗಿದ ಹಾಗೆ ಕಾಣಿಸುತ್ತೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಗ್ರೇಟಿಂಗನ್ನ ಎಲ್ಲಿಗೂ ಅಂಟಿಸದೆ ಸಡಿಲವಾಗಿ ಬಿಡ್ತಾರೆ. ಅದು ಬಿಸಿಯನ್ನಷ್ಟೇ ಹೇಳುತ್ತೆ. ಎರಡನ್ನೂ ಕಳೆದರೆ ನಿಜವಾದ ಜಗ್ಗು ಸಿಗುತ್ತೆ. ಹೋಲಿಸೋಕೆ ಇನ್ನೊಂದಿಲ್ಲದೆ ಇದರಲ್ಲಿ ಯಾವ ಅಳತೆಯೂ ಇಲ್ಲ. ಈ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡನೇ ದಾರಿ ನನ್ನ ಪ್ರಕಾರ ಇನ್ನೂ ಸೊಗಸು. ಇದರಲ್ಲಿ ಎಳೆಗೆ ಏನೂ ಮಾಡೋದಿಲ್ಲ. ರಸ್ತೆ ಕೆಳಗೆ ಈಗಾಗಲೇ ಹೂತಿರೋ ಸಾಮಾನ್ಯ ಟೆಲಿಕಾಂ ಫೈಬರ್ ಸಾಕು, ಅದರ ಒಂದು ಖಾಲಿ ಎಳೆ.

ಗಾಜು ಎಷ್ಟೇ ಶುದ್ಧವಾಗಿದ್ರೂ, ಕರಗಿದ್ದು ತಣ್ಣಗಾಗುವಾಗ ಅದರೊಳಗೆ ಸಾಂದ್ರತೆಯ ಸಣ್ಣ ಸಣ್ಣ ಏರಿಳಿತ ಹಾಗೇ ಗಟ್ಟಿಯಾಗಿ ಉಳಿದುಬಿಡುತ್ತೆ. ಬೆಳಕು ಅವಕ್ಕೆ ತಾಗಿ ಚೂರು ಚೂರಾಗಿ ಚದುರುತ್ತೆ. ಆಕಾಶ ನೀಲಿ ಕಾಣೋದಕ್ಕೆ ಕಾರಣವಾದ ರ್‍ಯಾಲೆ ಚದುರುವಿಕೆಯೇ ಇದು. ಒಂದು ಲೇಸರ್ ಮಿಂಚನ್ನ ಎಳೆಯೊಳಗೆ ಬಿಟ್ಟರೆ, ದಾರಿಯುದ್ದಕ್ಕೂ ಚದುರಿದ ಚೂರುಗಳು ವಾಪಸ್ ಬರುತ್ತಾ ಇರುತ್ತವೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಆದ್ದರಿಂದ ಯಾವ ಚೂರು ಎಷ್ಟು ಹೊತ್ತಿಗೆ ಬಂತು ಅಂತ ನೋಡಿ ಎಷ್ಟು ದೂರದಿಂದ ಬಂತು ಅಂತ ಲೆಕ್ಕ ಹಾಕಬಹುದು. ಆ ಚೂರುಗಳು ಒಂದಕ್ಕೊಂದು ಸೇರಿ ವ್ಯತಿಕರಣ ಆಗುತ್ತೆ. ಒಂದು ಜಾಗದಲ್ಲಿ ನೆಲ ಅಲುಗಿ ಎಳೆ ಚೂರು ಹಿಗ್ಗಿದರೆ, ಆ ಜಾಗದ ಅಲೆಗಳ ತಾಳ ತಪ್ಪುತ್ತೆ. ಹತ್ತು ಮೀಟರ್ ಉದ್ದದಲ್ಲಿ ಹತ್ತು ನ್ಯಾನೋಮೀಟರ್ ಬದಲಾದರೂ ಒಳ್ಳೇ ಯಂತ್ರಕ್ಕೆ ಗೊತ್ತಾಗುತ್ತೆ.

10 ಕಿಲೋಮೀಟರ್ ಎಳೆ ಇದ್ರೆ ಬೆಳಕು ಹೋಗಿ ಬರೋಕೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ ಸಾಕು. ಅಂದ್ರೆ ಸೆಕೆಂಡಿಗೆ ಸಾವಿರಾರು ಸಲ ಇಡೀ ದಾರಿಯನ್ನ ಕೇಳಬಹುದು. ಹೀಗೆ ಕೇಳೋದಕ್ಕೆ ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್, ಚಿಕ್ಕದಾಗಿ ಡಿಎಎಸ್ ಅಂತ ಹೆಸರು. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪಮಾಪಕಗಳ ಸಾಲೊಂದಿದೆ, ದೂರದ ದೇಶಗಳ ಅಣು ಸ್ಫೋಟವನ್ನೂ ಗುರುತಿಸೋದಕ್ಕೆ ಅಂತ ಹಾಕಿದ್ದು. ಅಲ್ಲಿ ಒಂದೊಂದು ಮಾಪಕವನ್ನೂ ಜಾಗ ನೋಡಿ ಹೂಳಬೇಕಾಯ್ತು. ಡಿಎಎಸ್‌ನಲ್ಲಿ ಕೇಬಲ್ ಹೋದ ಕಡೆಯೆಲ್ಲ ಕೆಲವೇ ಮೀಟರಿಗೊಂದು ಮಾಪಕ ಇದ್ದ ಹಾಗೆ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಕೆಳಗಿನ ಟೆಲಿಕಾಂ ಫೈಬರಿನಲ್ಲಿ 2016ರಿಂದ ಭೂಕಂಪ ದಾಖಲಿಸಿದ್ದಾರೆ. 2020ರ ಜನವರಿ 1ರಂದು ಪಾಸಡೀನಾ ಊರಿನಲ್ಲಿ ರೋಸ್ ಪರೇಡ್ ನಡೆದಾಗ, ಕ್ಯಾಲ್‌ಟೆಕ್ ಸಂಶೋಧಕರು ರಸ್ತೆ ಕೆಳಗಿನ ಕೇಬಲ್ಲಿನಿಂದ ಮೆರವಣಿಗೆಯ ಬ್ಯಾಂಡ್ ಸೆಟ್ಟು, ದೊಡ್ಡ ದೊಡ್ಡ ಸ್ತಬ್ಧಚಿತ್ರದ ಗಾಡಿ, ಮೋಟರ್‌ಸೈಕಲ್‌ಗಳು ಎಲ್ಲವನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಒಟ್ಟಿಗೇ ಹೆಜ್ಜೆ ಹಾಕೋ ಬ್ಯಾಂಡಿನವರ ಗುರುತು ಬಹಳ ಚೆನ್ನಾಗಿ ಬಂತಂತೆ. ಇದನ್ನ ಓದಿದಾಗ ನನಗೆ ಸೆಪ್ಟೆಂಬರ್ 8ರ ಶಿವಾಜಿನಗರ ನೆನಪಾಯ್ತು. ಸೇಂಟ್ ಮೇರಿಸ್ ಬಸಿಲಿಕಾ ಹಬ್ಬದ ದಿನ, ಕೇಸರಿ ಬಟ್ಟೆ, ತೇರು, ಜನಸಾಗರ. ಆ ರಸ್ತೆಗಳ ಕೆಳಗಿನ ಒಂದು ಎಳೆಗೆ ಡಿಎಎಸ್ ಯಂತ್ರ ಜೋಡಿಸಿದ್ರೆ ಪರದೆ ಮೇಲೆ ತೇರು ಹೋದ ದಾರಿ ಓರೆ ಗೆರೆಯಾಗಿ ಕಾಣಬಹುದು. ಹಲಸೂರಿನ ಸೋಮೇಶ್ವರ ದೇವಸ್ಥಾನದ ತೇರಿಗೂ ಅಷ್ಟೇ.

ನಮ್ಮ ದೇಶದಲ್ಲಿ ಇದನ್ನ ಆನೆಗಳಿಗಾಗಿಯೂ ಬಳಸಿದ್ದಾರೆ. ಈಶಾನ್ಯ ಗಡಿ ರೈಲ್ವೆಯವರು ಹಳಿ ಪಕ್ಕದ ಫೈಬರಿನಿಂದ ಆನೆಯ ಹೆಜ್ಜೆ ಗುರುತಿಸಿ, ರೈಲು ಬರೋ ಮುಂಚೆ ಎಚ್ಚರಿಕೆ ಕೊಡೋ ವ್ಯವಸ್ಥೆ ಮಾಡಿದ್ದಾರೆ. ಗಜರಾಜ ಅಂತ ಹೆಸರು. ಕಾಡಿನ ಆನೆಗೆ ಆಗುತ್ತೆ ಅಂದ್ರೆ ಊರಿನ ಗೋಡೆಗೆ ಯಾಕಾಗಬಾರದು?

ಗೋಡೆ ವಿಷಯಕ್ಕೆ ಹೋಗೋ ಮುಂಚೆ ರಾಮನ್ ಬಗ್ಗೆ ಒಂದು ನಿಮಿಷ. 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ರಾಮನ್ ಪರಿಣಾಮ ಕಂಡರು, ಅದು ಎಲ್ಲರಿಗೂ ಗೊತ್ತು, ವಿಜ್ಞಾನ ದಿನ ಮಾಡ್ತೀವಿ. ಎರಡು ವಾರ ಕಳೆದು, ಮಾರ್ಚ್ 16ರಂದು, ಅದರ ಬಗ್ಗೆ ದೊಡ್ಡ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ. ಚದುರಿದ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಾಯಿಸಿಕೊಂಡು ಬರುತ್ತೆ. ಫೈಬರ್ ಒಳಗೂ ಅದು ನಡೆಯುತ್ತೆ, ಆ ಬೆಳಕಿನ ಪ್ರಮಾಣ ಅಲ್ಲಿನ ಬಿಸಿಯ ಮೇಲೆ ನಿಂತಿರುತ್ತೆ. 1980ರ ದಶಕದಿಂದ ಇದನ್ನೇ ಬಳಸಿ, ಒಂದೇ ಎಳೆಯಿಂದ ಕಿಲೋಮೀಟರ್‌ಗಟ್ಟಲೆ ಉದ್ದಕ್ಕೂ ಎಲ್ಲಿ ಎಷ್ಟು ಬಿಸಿ ಅಂತ ಅಳೆಯೋ ಯಂತ್ರಗಳು ಬಂದಿವೆ. ಹೈ ವೋಲ್ಟೇಜ್ ಕೇಬಲ್ ಬಿಸಿಯಾಗೋದನ್ನ, ಸುರಂಗದೊಳಗಿನ ಬೆಂಕಿಯನ್ನ ಹೀಗೆ ಪತ್ತೆ ಮಾಡ್ತಾರೆ. ಇದು ವ್ಯತಿಕರಣ ಅಲ್ಲ, ಚದುರುವಿಕೆ. ಆದ್ರೂ ಒಂದೇ ಎಳೆಯ ಒಡಹುಟ್ಟು ಅಂತ ಹೇಳಿದೆ.

ಈಗ ಗೋಡೆ.

ನಮ್ಮ ಮೆಟ್ರೊ ಪಿಂಕ್ ಲೈನ್‌ನಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿಲೋಮೀಟರ್ ಸುರಂಗ, 12 ನಿಲ್ದಾಣ. ಎಂ.ಜಿ. ರಸ್ತೆ, ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆ. ಊರಿನ ಅತಿ ಹಳೇ, ಅತಿ ಒತ್ತೊತ್ತಾದ ಗಲ್ಲಿಗಳ ಕೆಳಗೆ. ಊರ್ಜಾ ಅನ್ನೋ ಯಂತ್ರ ಕಂಟೋನ್ಮೆಂಟಿನಿಂದ ಹೊರಟು 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂತು. ಅದರ ಜೋಡಿ ವಿಂಧ್ಯಾ ಅಕ್ಟೋಬರ್‌ನಲ್ಲಿ. ಒಟ್ಟು ಒಂಬತ್ತು ಯಂತ್ರ ಕೊರೆದವು. ಕೊನೆಯದು, ಭದ್ರಾ, 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಹೊರಬಂತು. ಬೆಂಗಳೂರಿನ ನೆಲ ಸುಲಭದ್ದಲ್ಲ. ಒಂದೆಡೆ ಗಟ್ಟಿ ಬಂಡೆ, ಅದರ ಪಕ್ಕದಲ್ಲೇ ಸಡಿಲ ಮಣ್ಣು, ನಡುವೆ ಯಾವ ಕಾಲದಲ್ಲೋ ಮುಚ್ಚಿದ ಬಾವಿ. 2023ರ ಜನವರಿ 12ರಂದು ಬ್ರಿಗೇಡ್ ರಸ್ತೆಯ ಶೂಲೆ ಸರ್ಕಲ್ ಹತ್ತಿರ ಹಠಾತ್ತನೆ ರಸ್ತೆ ಕುಸಿದು ಗುಂಡಿಯಾಯ್ತು, ಬೈಕ್ ಸವಾರರೊಬ್ಬರು ಬಿದ್ದು ಗಾಯಗೊಂಡರು. ಅದರ ಕೆಳಗೆ ಮೆಟ್ರೊ ಸುರಂಗದ ಕೆಲಸ ನಡೀತಿತ್ತು.

ಸುರಂಗ ಕೊರೆಯೋ ಕಡೆ ಅಳತೆ ಮಾಡದೆ ಯಾರೂ ಕೆಲಸ ಮಾಡೋದಿಲ್ಲ. ರಸ್ತೆಯಲ್ಲಿ ಗುರುತಿನ ಮೊಳೆ ಹೊಡೆದು ಸರ್ವೆ ಮಾಡ್ತಾರೆ, ಕಟ್ಟಡಕ್ಕೆ ವಾಲುವಿಕೆ ಅಳೆಯೋ ಉಪಕರಣ, ಬಿರುಕಿಗೆ ಮೀಟರ್ ಹಾಕ್ತಾರೆ. ಆದ್ರೆ ಇವೆಲ್ಲ ಚುಕ್ಕಿ ಚುಕ್ಕಿ ಅಳತೆ. ಎರಡು ಚುಕ್ಕಿಗಳ ನಡುವಿನ ಮನೆಯ ಗತಿ ಏನು? ಫೈಬರ್ ಬೇಕಾಗೋದು ಅಲ್ಲಿ. ಲಂಡನ್ನಿನಲ್ಲಿ ಕ್ರಾಸ್‌ರೈಲ್ ಸುರಂಗ ಕೊರೆಯುವಾಗ ಅದರ ಮೇಲೆ ಹಳೇ ಅಂಚೆ ರೈಲಿನ ಸುರಂಗ ಇತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಆ ಹಳೇ ಸುರಂಗದ ಗೋಡೆಗೆ ಫೈಬರ್ ಅಂಟಿಸಿ, ಕೆಳಗೆ ಹೊಸ ಸುರಂಗ ಕೊರೆಯುವಾಗ ಮೇಲಿನದು ಎಲ್ಲೆಲ್ಲಿ ಎಷ್ಟೆಷ್ಟು ಬಾಗಿತು ಅಂತ ಉದ್ದಕ್ಕೂ ದಾಖಲಿಸಿದರು.

ಆಗ ನೆನಪಿಟ್ಕೊಳ್ಳಿ ಅಂದಿದ್ದೆನಲ್ಲ, ಹೋಲಿಸೋಕೆ ಇನ್ನೊಂದಿಲ್ಲದೆ ಅಳತೆ ಇಲ್ಲ ಅಂತ. ಗೋಡೆಗೂ ಅದೇ. ಸುರಂಗದ ಕೆಲಸ ನಡೆದ ಯಾವ ಊರಿನಲ್ಲಾದ್ರೂ ಕೇಳಿ, ಒಂದೇ ಜಗಳ. "ನಿಮ್ಮ ಕೆಲಸದಿಂದ ಗೋಡೆ ಬಿರುಕು ಬಿಟ್ಟಿದೆ ಸ್ವಾಮಿ" ಅಂತ ಮನೆಯವರು. "ಅದು ಹಳೇ ಬಿರುಕು ಅಮ್ಮ, ಮೊದಲೇ ಇತ್ತು" ಅಂತ ಇಂಜಿನಿಯರು. ಇಬ್ಬರೂ ನಿಜ ಹೇಳ್ತಿರಬಹುದು. ಎಂಬತ್ತು ತೊಂಬತ್ತು ವರ್ಷದ ಗಾರೆ ಗೋಡೆ, ಬೇಸಿಗೆಯಲ್ಲಿ ಬಿರುಕು ಅಗಲ ಆಗುತ್ತೆ, ಮಳೆಗಾಲದಲ್ಲಿ ಕೂಡುತ್ತೆ. ಕೆಲಸ ಶುರುವಾಗೋಕೆ ಮುಂಚೆ ಒಂದು ವರ್ಷ ಆ ಗೋಡೆ ತನ್ನಷ್ಟಕ್ಕೆ ತಾನು ಎಷ್ಟು ಹಿಗ್ಗಿ ಕುಗ್ಗಿತು ಅನ್ನೋ ದಾಖಲೆ ಇಲ್ಲದಿದ್ರೆ, ಆಮೇಲಿನ ಯಾವ ಅಳತೆಯೂ ಜಗಳ ಬಗೆಹರಿಸೋದಿಲ್ಲ. ಆ ದಾಖಲೆ ಇಲ್ಲದಾಗ ಸೋಲೋದು ಯಾವಾಗಲೂ ಮನೆಯವರೇ, ಯಾಕಂದ್ರೆ ಯಂತ್ರ ಇರೋದು ಎದುರಿನವರ ಕೈಯಲ್ಲಿ. ಅದಕ್ಕೇ ನನ್ನ ವಾದ ಇಷ್ಟು: ಮುಂದೆ ಸುರಂಗ ಹೋಗೋ ದಾರಿಯಲ್ಲಿ ಅಗೆಯೋಕೆ ಕನಿಷ್ಠ ಒಂದು ವರ್ಷ ಮುಂಚೆ ಫೈಬರ್ ಹಾಕಿ ಅಳತೆ ಶುರು ಮಾಡಬೇಕು, ಆ ಅಳತೆಯ ಪ್ರತಿ ಮನೆಯವರಿಗೂ ಸಿಗಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಮಾತು ಜೋರಾಗಿ ನಡೆದಿರೋ ಊರಿನಲ್ಲಿ ಇದು ಅತಿಯಾಸೆ ಅಲ್ಲ.

ಕಷ್ಟಗಳೂ ಇವೆ, ಮುಚ್ಚಿಡೋದು ಬೇಡ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ತಲೆ ಎತ್ತಿ ನೋಡಿ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಜೋತು ಬಿದ್ದಿರೋ ಕಪ್ಪು ಕೇಬಲ್ಲಿನ ಸಿಕ್ಕು. ಅದರೊಳಗೂ ಫೈಬರ್ರೇ ಇದೆ, ಆದ್ರೆ ನೆಲದ ಅಳತೆಗೆ ಅದು ನಿಷ್ಪ್ರಯೋಜಕ. ಗಾಳಿ ಬೀಸಿದ್ದು, ಕಾಗೆ ಕೂತದ್ದು, ಅಳಿಲು ಓಡಿದ್ದು ಮಾತ್ರ ಗೊತ್ತಾಗುತ್ತೆ. ಮಣ್ಣಿಗೆ ತಾಗಿ ಕೂತ ಕೇಬಲ್ ಬೇಕು. ಪೈಪಿನೊಳಗೆ ಸಡಿಲವಾಗಿ ಬಿದ್ದಿರೋ ಕೇಬಲ್ಲಿಗೂ ನೆಲದ ನಡುಕ ಪೂರ್ತಿ ತಲುಪೋದಿಲ್ಲ. ಇನ್ನು ಒಂದು ಇಲಾಖೆ ಹೂತದ್ದನ್ನ ಇನ್ನೊಂದು ಇಲಾಖೆಯ ಜೆಸಿಬಿ ಕತ್ತರಿಸೋದು ನಮ್ಮಲ್ಲಿ ಹೊಸದೇನಲ್ಲ. ಆಮೇಲೆ ಡೇಟಾ. 10 ಕಿಲೋಮೀಟರಿಗೆ ಮೀಟರಿಗೊಂದು ಜಾಗ, ಸೆಕೆಂಡಿಗೆ ಸಾವಿರ ಸಲ ಕೇಳಿದ್ರೆ ಸೆಕೆಂಡಿಗೆ ಒಂದು ಕೋಟಿ ಅಂಕಿ. ಒಂದೊಂದಕ್ಕೆ ಎರಡು ಬೈಟ್ ಹಿಡಿದ್ರೂ ದಿನಕ್ಕೆ 1.7 ಟೆರಾಬೈಟ್. ನಿಮ್ಮ ಫೋನಿನ ಸ್ಟೋರೇಜ್ ಕೆಲವೇ ಗಂಟೆಯಲ್ಲಿ ತುಂಬಿಹೋಗುತ್ತೆ. ಅದಕ್ಕೇ ನೆಲದ ಕುಸಿತ, ಗೋಡೆಯ ಬಾಗು ಇಂಥ ನಿಧಾನದ ವಿಷಯಕ್ಕೆ ಡಿಎಎಸ್‌ಗಿಂತ ಗೋಡೆಗೆ ಅಂಟಿಸಿದ ಎಫ್‌ಬಿಜಿ, ಅಥವಾ ಲಂಡನ್ನಿನಲ್ಲಿ ಮಾಡಿದಂಥ ನಿಧಾನದ ಜಗ್ಗು ಅಳತೆ ಹೆಚ್ಚು ಸರಿ. ನಡುಕಕ್ಕೆ ಡಿಎಎಸ್, ಬಾಗುವಿಕೆಗೆ ಇವು.

ಇನ್ನೊಂದು ಮಾತು ಕೇಳೋಕೆ ಅಷ್ಟು ಹಿತವಲ್ಲ. ಬ್ಯಾಂಡಿನವರ ಹೆಜ್ಜೆ ಗೊತ್ತಾಗೋ ಎಳೆಗೆ ನಿಮ್ಮ ಹೆಜ್ಜೆಯೂ ಗೊತ್ತಾಗಬಹುದು. ಪೈಪ್‌ಲೈನ್, ಬೇಲಿ, ಗಡಿ ಕಾಯೋಕೆ ಡಿಎಎಸ್ ಮಾರಾಟ ಆಗೋದೇ ಈ ಗುಣಕ್ಕೆ. ಅದಕ್ಕೆ ನಿಮ್ಮ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ಈ ಗಲ್ಲಿಯಲ್ಲಿ ಯಾರೋ ನಡೆದರು, ಆ ಮನೆ ಮುಂದೆ ನಿಂತರು ಅನ್ನೋದು ಗೊತ್ತಾಗುತ್ತೆ. ಸಿಸಿಟಿವಿ ಆದ್ರೆ ಕಂಬದ ಮೇಲೆ ಕಾಣುತ್ತೆ, ಇದು ಕಾಣೋದೂ ಇಲ್ಲ. ಹಾಗಾಗಿ ಎಷ್ಟು ದಿನ ಡೇಟಾ ಇಟ್ಕೋತೀರಿ, ಯಾರಿಗೆ ಕೊಡ್ತೀರಿ ಅನ್ನೋದನ್ನ ಯಂತ್ರ ಜೋಡಿಸೋ ಮುಂಚೆ ಬರೆದು ಕೊಡಬೇಕು. ಗೋಡೆಗೆ ಅಂಟಿಸಿದ ಎಫ್‌ಬಿಜಿಯಲ್ಲಿ ಈ ತಲೆನೋವು ಬಹಳ ಕಡಿಮೆ, ಅದನ್ನ ಮೊದಲು ಬಳಸಿ ಅನ್ನೋದಕ್ಕೆ ಇದೂ ಒಂದು ಕಾರಣ.

ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ದಾಟಿದ್ರೆ ಕೆ.ಆರ್. ಪುರದ ಪಕ್ಕ ದೂರವಾಣಿನಗರ ಸಿಗುತ್ತೆ. 1948ರಲ್ಲಿ ಶುರುವಾದ ಐಟಿಐ, ದೇಶದ ಮನೆಮನೆಗೆ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ. ಹೆಸರಲ್ಲೇ ದೂರದ ವಾಣಿ. ಅತ್ತ ಕೋಡಿಹಳ್ಳಿಯಲ್ಲಿ ವಿಮಾನದೊಳಗೆ ಎಳೆ ಇಟ್ಟು ಅಳೆದವರು, ಇತ್ತ ಐಐಎಸ್‌ಸಿಯಲ್ಲಿ ನಾಡಿ ಹಿಡಿದವರು. ಹೊರಗಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. ಇವರನ್ನೂ ಗಲ್ಲಿಯ ಮನೆಯವರನ್ನೂ ಒಂದೇ ಮೇಜಿನ ಮುಂದೆ ಕೂರಿಸೋರು ಬೇಕು, ಅಷ್ಟೇ.

ಅಲ್ಲಿವರೆಗೆ ನೀವು ಮಾಡಬಹುದಾದ ಒಂದೆರಡು ಕೆಲಸ ಇದೆ. ನಿಮ್ಮ ಮನೆ ಹತ್ತಿರ ಸುರಂಗವೋ ದೊಡ್ಡ ಕಟ್ಟಡದ ಪಾಯವೋ ಬರುತ್ತೆ ಅಂತ ಗೊತ್ತಾದ ದಿನವೇ ಎಲ್ಲಾ ಗೋಡೆಗಳ ಫೋಟೊ ತೆಗೆಯಿರಿ. ಬಿರುಕು ಇದ್ದ ಕಡೆ ಪಕ್ಕದಲ್ಲಿ ಸ್ಕೂಲ್ ಸ್ಕೇಲ್ ಹಿಡಿದು ತೆಗೆಯಿರಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ದಿನಾಂಕ ಬರೀರಿ. ತಿಂಗಳಿಗೊಮ್ಮೆ ಅದೇ ಜಾಗದ ಅದೇ ಫೋಟೊ, ಸಾಧ್ಯವಾದ್ರೆ ಅದೇ ಹೊತ್ತಿನಲ್ಲಿ. ಬಿಎಂಆರ್‌ಸಿಎಲ್ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ನಮ್ಮ ಬೀದಿಯಲ್ಲಿ ನೆಲದ ಕುಸಿತದ ಅಳತೆ ಯಾವ ತಾರೀಖಿನಿಂದ ಶುರುವಾಯ್ತು, ಏನೇನು ಬಂದಿದೆ ಅಂತ ಕೇಳಬಹುದು. ಅರ್ಜಿ ಹಾಕಿದವರು ಏನು ಉತ್ತರ ಬಂತು ಅಂತ ನಮಗೂ ಒಂದು ವಾಯ್ಸ್ ನೋಟ್ ಕಳಿಸಿ.